ಶಕ್ತ್ಯನುಸಾರ ನಿಯಮ

ಭಗವಾನ್ ಮಹಾವೀರರು ದೀಪಾವಳಿಯ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಪಾವಾಪುರಿಯಲ್ಲಿ ನಿರ್ವಾಣ ಹೊಂದಿದರು. ಕ್ರಿ. ಪೂ. 527ರ ಆ ದಿನದಿಂದ ಎಣಿಸುವ ವೀರನಿರ್ವಾಣ ಸಂವತ್ಸರವು ಮರುದಿನದ ಪಾಡ್ಯದಂದು ಆರಂಭವಾಗುತ್ತದೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಅದು ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಬಿತ್ತುವ ಕಾಲ. ಅಂಗಡಿಗಳಲ್ಲಿ ಹೊಸ ಕಿರ್ದಿ ತೆರೆಯುವ ಕಾಲ. ಬಸದಿಯಲ್ಲಿ ನಿರ್ವಾಣಪೂಜೆ ಮುಗಿಸಿದ ಶ್ರಾವಕ ಶ್ರಾವಿಕೆಯರು ವರ್ಷಕ್ಕೊಂದು ನಿಯಮ ಹಿಡಿಯಬೇಕೆಂದು ಬಯಸುವುದೂ ಆಗಲೇ. ಆಗ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಕೈಲಾಗುವಷ್ಟೇ ನಿಯಮ ಹಿಡಿಯುವುದು ಧರ್ಮವೋ, ಅಥವಾ ದೌರ್ಬಲ್ಯಕ್ಕೆ ನಾವು ಕೊಟ್ಟುಕೊಂಡ ಒಳ್ಳೆಯ ಹೆಸರೋ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಪರಿಮಾಣವನ್ನು ಹೇಳುವಾಗ ತ್ಯಾಗವನ್ನು ಎರಡು ವಿಧವಾಗಿ ವಿಂಗಡಿಸಿದ್ದಾರೆ. ಜೀವನಪರ್ಯಂತ ಹಿಡಿಯುವುದು ಯಮ. ಕಾಲದ ಗಡುವಿಟ್ಟು ಹಿಡಿಯುವುದು ನಿಯಮ. ಆ ಗಡುವನ್ನು ಅವರು ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಹೆಸರಿಸಿ ಹೇಳುತ್ತಾರೆ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಸಂಗೀತ ಮೊದಲಾದ ನಿತ್ಯಜೀವನದ ವಸ್ತುಗಳೇ ಅಲ್ಲಿಯ ವಿಷಯ. ಒಂದು ರಾತ್ರಿಯ ತ್ಯಾಗವನ್ನೂ ಆಚಾರ್ಯರು ಅಲ್ಪವೆಂದು ತಿರಸ್ಕರಿಸಲಿಲ್ಲ. ಆದ್ದರಿಂದ ಕಿರಿದಾದ ನಿಯಮವು ಶಾಸ್ತ್ರಸಮ್ಮತವೇ ಆಗಿದೆ.

ಹಿರಿದಾದ ವ್ರತವನ್ನು ಶಕ್ತಿ ನೋಡದೆ ಹಿಡಿದರೆ ಏನಾಗುತ್ತದೆಂಬುದನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಹೊಸದಾಗಿ ಉಪಾಧ್ಯಾಯನಾಗಿದ್ದ ನಾನು 1984ರ ದೀಪಾವಳಿಯ ಮರುದಿನ, ನೆರೆದ ಸಮಾಜದ ಎದುರಿನಲ್ಲಿ, ಪ್ರತಿ ಅಷ್ಟಮಿ ಚತುರ್ದಶಿಗಳಂದು ನಿರಾಹಾರ ಉಪವಾಸ ಮಾಡುವುದಾಗಿ ಜೀವನಪರ್ಯಂತದ ವ್ರತ ಹಿಡಿದೆ. “ಮೊದಲ ಒಂದು ವರ್ಷ ಒಪ್ಪತ್ತು ಮಾಡಿ ನೋಡಪ್ಪಾ” ಎಂದು ತಂದೆಯವರು ಹೇಳಿದ್ದರು. ಅದು ನನಗೆ ಅವಮಾನವೆನಿಸಿತು. ಮೂರು ತಿಂಗಳು ವ್ರತ ಸಾಗಿತು. ಆಮೇಲೆ ಪರೀಕ್ಷೆಯ ದಿನಗಳಲ್ಲಿ ಒಂದು ಚತುರ್ದಶಿಯಂದು ತಲೆ ತಿರುಗಿ, ಶಾಲೆಯ ಸಮೀಪದ ಅಂಗಡಿಯಲ್ಲಿ ಚುರಮುರಿ ತಿಂದು ಚಹ ಕುಡಿದೆ. ಮನೆಗೆ ಬಂದು ಉಪವಾಸವಿದ್ದವನಂತೆಯೇ ಕುಳಿತೆ. ಮುಂದೆ ಅದೇ ರೂಢಿಯಾಯಿತು. ಮಗನ ಪಾರಣೆಗೆಂದು ತಾಯಿಯವರು ಮರುದಿನ ನಸುಕಿನಲ್ಲೆದ್ದು, ಸ್ನಾನ ಮಾಡಿ, ಬಿಸಿ ರೊಟ್ಟಿ ಬಡಿದು ಕಾಯುತ್ತಿದ್ದರು. ಆ ತುತ್ತು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವ್ರತ ತಪ್ಪಿದ್ದು ಹಸಿವಿನಿಂದ. ಆದರೆ ನಾನು ಕೆಟ್ಟದ್ದು ಹಸಿವಿನಿಂದಲ್ಲ, ಕೀರ್ತಿಯ ಆಸೆಯಿಂದ. ಶಲ್ಯವಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮೊದಲನೆಯದೇ ನನ್ನೊಳಗೆ ಮುರಿದು ನಿಂತ ಮುಳ್ಳಾಗಿತ್ತು. ಕೊನೆಗೆ ತಂದೆಯವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ಹಸಿ ನೋಡದ ಬಿತ್ತಿದಿ, ತಮ್ಮಾ” ಎಂದಷ್ಟೇ ಅಂದರು. ಬಳಿಕ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ದೋಷನಿವೇದನೆ ಮಾಡಿ, ಪ್ರಾಯಶ್ಚಿತ್ತ ಪಡೆದು, ಅವರ ಅನುಮತಿಯಿಂದ ಪರ್ವದಿನಗಳ ಏಕಾಶನವನ್ನು ಒಂದು ವರ್ಷದ ಮಟ್ಟಿಗೆ ಹಿಡಿದೆ. ಅದನ್ನು ಪ್ರತಿ ಪಾಡ್ಯದಂದು ನವೀಕರಿಸುತ್ತ ಬಂದಿದ್ದೇನೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾದೀತು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ಶಕ್ತ್ಯನುಸಾರವಾದ ತ್ಯಾಗ ಮತ್ತು ತಪಸ್ಸುಗಳೂ ಸೇರಿವೆ. ಇಲ್ಲಿ ತಪಸ್ಸನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ತನ್ನ ವೀರ್ಯವನ್ನು ಬಚ್ಚಿಡದೆ ಮಾಡುವುದೆಂದು ಹೇಳುತ್ತಾರೆ. ಶಕ್ತಿಯನ್ನು ಮೀರಬಾರದು, ನಿಜ. ಆದರೆ ಇರುವ ಶಕ್ತಿಯನ್ನು ಮರೆಮಾಚಲೂ ಬಾರದು. ಮಾವು ಸಿಗದ ಕಾಲದಲ್ಲಿ ಮಾವನ್ನು ತ್ಯಜಿಸುವುದು, ವೈದ್ಯರ ಆಜ್ಞೆಯಿಂದ ಬಿಟ್ಟ ಬೆಲ್ಲವನ್ನು ರಸಪರಿತ್ಯಾಗವೆಂದು ಎಣಿಸುವುದು, ಇವು ನಿಯಮಗಳಲ್ಲ. ಲೆಕ್ಕ ತುಂಬಿಸುವ ಉಪಾಯಗಳು.

ನಮ್ಮ ನೆರೆಯ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಅದು ಅವಳ ಶಕ್ತಿಗೆ ಅನುಸಾರವಾದ ದಾನ. ಅವಳು ಹತ್ತು ಪ್ರತಿಗಳಿಗೆ ತೃಪ್ತಳಾಗಿದ್ದರೆ ಶಕ್ತಿಯನ್ನು ಬಚ್ಚಿಟ್ಟಂತಾಗುತ್ತಿತ್ತು. ನಮ್ಮಲ್ಲೊಬ್ಬನು ಒಂದೇ ಗ್ರಂಥವನ್ನು ವರ್ಷದೊಳಗೆ ಸಂಪೂರ್ಣವಾಗಿ ಸ್ವಾಧ್ಯಾಯ ಮಾಡಿದರೆ, ಅದೇ ಅವನ ಶಕ್ತಿಯ ತುಂಬು ಅಳತೆಯಾಗಿರಬಹುದು.

ಈ ಮಾತು ನನಗೂ ತಾಗುತ್ತದೆ. ನಿವೃತ್ತನಾದ ನನಗೆ ಈಗ ಪರೀಕ್ಷೆಯ ಅವಸರವಿಲ್ಲ, ಬಸ್ಸಿನ ಓಡಾಟವಿಲ್ಲ. ಅಂದು ಅಳತೆಗೆ ಸರಿಯಾಗಿದ್ದ ಏಕಾಶನವು ಇಂದು ಕೇವಲ ಅಭ್ಯಾಸವಾಗಿದೆ. ಆದ್ದರಿಂದ ಸೂರ್ಯಾಸ್ತದಿಂದ ಸಾಮಾಯಿಕ ಮುಗಿಯುವವರೆಗೆ ಮೊಬೈಲನ್ನು ಮುಟ್ಟುವುದಿಲ್ಲವೆಂದು ಬರುವ ಪಾಡ್ಯದಿಂದ ಆರು ತಿಂಗಳ ನಿಯಮ ಹಿಡಿಯಲಿದ್ದೇನೆ. ಕೇಳಲು ಇದು ಸಣ್ಣದು. ಆದರೆ ಉಪವಾಸಕ್ಕಿಂತ ಇದೇ ನನಗೆ ಕಠಿಣವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಿಯಮ ಹಿಡಿಯುವವರು ವಸ್ತು, ಪ್ರಮಾಣ, ಗಡುವು ಈ ಮೂರನ್ನೂ ಸ್ಪಷ್ಟವಾಗಿ ನಿಶ್ಚಯಿಸಿಕೊಳ್ಳಲಿ. “ಇನ್ನು ಮುಂದೆ ಮಿತವಾಗಿ ಉಣ್ಣುವೆ” ಎಂಬುದಕ್ಕೆ ಲೆಕ್ಕವಿಲ್ಲ. “ಚಾತುರ್ಮಾಸದಲ್ಲಿ ಪ್ರತಿ ಚತುರ್ದಶಿಯಂದು ಉಪ್ಪಿಲ್ಲದ ಊಟ” ಎಂಬುದಕ್ಕೆ ಲೆಕ್ಕವಿದೆ. ವೃದ್ಧರೂ ನಿತ್ಯ ಔಷಧ ಸೇವಿಸುವವರೂ ಅನಶನಕ್ಕೆ ಹಟ ಹಿಡಿಯದಿರಲಿ. ಆರು ಬಾಹ್ಯ ತಪಗಳಲ್ಲಿ ಅವಮೌದರ್ಯ, ರಸಪರಿತ್ಯಾಗಗಳೂ ಇವೆ. ಅವುಗಳನ್ನೂ ವೈದ್ಯರನ್ನು ಕೇಳಿಯೇ ಹಿಡಿಯಲಿ. ಎಲ್ಲಿಯಾದರೂ ತಪ್ಪಿದರೆ ಅಂದಿನ ಸಂಜೆಯೇ ಪ್ರತಿಕ್ರಮಣ ಮಾಡಿ, ಮನೆಯ ಒಬ್ಬರಿಗಾದರೂ ಹೇಳಿ, ಮರುದಿನ ಮುಂದುವರಿಸಲಿ. ಅತಿಚಾರಕ್ಕೆ ಪರಿಹಾರವಿದೆ, ಮುಚ್ಚಿಟ್ಟ ಅತಿಚಾರ ಮಾತ್ರ ಶಲ್ಯವಾಗಿ ಉಳಿಯುತ್ತದೆ.

ರೈತನು ಹಸಿ ನೋಡಿ ಬಿತ್ತುತ್ತಾನೆ. ಹಸಿಯಿದ್ದಾಗ ಹೊಲವನ್ನು ಬೀಳು ಬಿಡುವುದಿಲ್ಲ. ಈ ಸಂವತ್ಸರದಲ್ಲಿ ನಾವೂ ಹಾಗೆಯೇ ನಡೆಯೋಣ.