ಯಾರ ತಲೆ ಮೇಲೆ ಕೈ ಇಡ್ತೀವಿ?

ಈ ಹೊತ್ತು ಒಂದು ಇಂಗ್ಲಿಷ್ ಪದದಿಂದ ಶುರು ಮಾಡ್ತೀನಿ: ಸ್ಕೇಪ್‌ಗೋಟ್. ಯಾರೋ ಮಾಡಿದ ತಪ್ಪನ್ನ ತಲೆ ಮೇಲೆ ಹೊರಿಸಿಕೊಂಡವನು ಅಂತ ಅರ್ಥ. ನಾವು ಬಲಿಪಶು ಅಂತೀವಿ. ಈ ಪದ ಹುಟ್ಟಿದ್ದೇ ಸತ್ಯವೇದದ ಅನುವಾದದಲ್ಲಿ!

1530ರಲ್ಲಿ ವಿಲಿಯಂ ಟಿಂಡೇಲ್ ಅವರು ಮೋಶೆಯ ಐದು ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಯಾಜಕಕಾಂಡ 16ನೇ ಅಧ್ಯಾಯದಲ್ಲಿ ಅಜಾಜೇಲ್ ಎಂಬ ಕಷ್ಟದ ಮಾತಿದೆ. ಅದರ ಅರ್ಥದ ಬಗ್ಗೆ ಪಂಡಿತರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಟಿಂಡೇಲ್ ಅದನ್ನು ಹೊರಟುಹೋಗುವ ಆಡು ಎಂದು ತಿಳಿದು ಸ್ಕೇಪ್‌ಗೋಟ್ ಎಂದು ಬರೆದರು. ಸ್ಕೇಪ್ ಅಂದ್ರೆ ನಾವು ದಿನಾ ಆಡೋ ಎಸ್ಕೇಪ್. 1536ರಲ್ಲಿ ಅವರನ್ನು ಕತ್ತು ಬಿಗಿದು ಕೊಂದು ದೇಹವನ್ನು ಸುಟ್ಟರು. ಆದರೆ ಪದ ಉಳಿಯಿತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಅದೇ ಇದೆ.

ಗಮನಿಸಿರಿ, ಅಲ್ಲಿ ಎರಡು ಹೋತಗಳು. ಒಂದು ಯಜ್ಞವಾಗುತ್ತದೆ, ಇನ್ನೊಂದು ಜೀವಂತವಾಗಿ ಅಡವಿಗೆ ಹೋಗುತ್ತದೆ. ಆದರೆ ಮುಂದೆ ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪದ ಮನುಷ್ಯರಿಗೆ ಅಂಟಿಕೊಂಡಿತು. 1957ರಲ್ಲಿ ಡ್ಯಾಫ್ನೆ ದು ಮೋರಿಯೆ ಇದೇ ಹೆಸರಿನ ಕಾದಂಬರಿ ಬರೆದರು. ಅದರಲ್ಲಿ ಒಬ್ಬ ಫ್ರೆಂಚಿನವನು ತನ್ನ ಹಾಗೇ ಕಾಣುವ ಇಂಗ್ಲಿಷಿನವನ ಮೇಲೆ ತನ್ನ ಮನೆ, ತನ್ನ ಹೊರೆ ಎಲ್ಲಾ ಹಾಕಿ ಹೋಗಿಬಿಡ್ತಾನೆ. ನೋಡಿದ್ರಾ? ಆಡು ಸಿಕ್ಕಿಹಾಕ್ಕೊಳ್ತು, ಯಜಮಾನ ಎಸ್ಕೇಪ್ ಆದ!

ಪದ ಎಲ್ಲಿ ತಿರುಗಿಬಿತ್ತು? ಆರೋನನು ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಮೊದಲು ಅರಿಕೆ ಮಾಡಬೇಕಿತ್ತು. ಈ ಪಾಪ ನಮ್ಮದು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ನಾವು ಕೈ ಮಾತ್ರ ಇಡ್ತೀವಿ, ಅರಿಕೆ ಬಿಟ್ಟುಬಿಡ್ತೀವಿ.

ನಾನೂ ಹಾಗೆ ಮಾಡಿದೆ. ಹೋದ ಸಲದ ರಾತ್ರಿ ಕೂಟದಲ್ಲಿ ಕರೆಂಟ್ ಹೋಯ್ತು, ಜನರೇಟರ್ ಇರಲಿಲ್ಲ. ಅದನ್ನ ತರಿಸೋ ಜವಾಬ್ದಾರಿ ನಂದು, ಮರೆತಿದ್ದೆ. ಹಿರಿಯರು ಕೇಳಿದಾಗ, ಸೌಂಡ್ ನೋಡ್ಕೊಳ್ಳೋ ತಮ್ಮನಿಗೆ ಹೇಳಿದ್ದೆ ಅಂದುಬಿಟ್ಟೆ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮೂರು ಭಾನುವಾರ ಸಭೆಗೆ ಬರಲಿಲ್ಲ. ಆ ಮೂರು ಭಾನುವಾರವೂ ನಾನು ಇದೇ ಪುಲ್ಪಿಟ್‌ನಲ್ಲಿ ನಿಂತು ಪ್ರಸಂಗ ಮಾಡಿದೆ.

ಕೊನೆಗೆ ಅವನ ಮನೆಗೆ ಹೋಗಿ, “ತಪ್ಪು ನಂದು, ಕ್ಷಮಿಸಪ್ಪಾ” ಅಂದೆ. ಅವನು ಹೇಳಿದ: “ಪಾಸ್ಟರ್, ಅವತ್ತು ಎಲ್ಲರ ಮುಂದೆ ನನ್ನ ಹೆಸರು ಹೇಳಿದ್ರಿ. ಇದನ್ನ ಮಾತ್ರ ಮನೆಗೆ ಬಂದು ಹೇಳ್ತಿದ್ದೀರಲ್ಲಾ?”

ನನಗೆ ಉತ್ತರ ಇರಲಿಲ್ಲ. ಅದಕ್ಕೇ ಈ ಹೊತ್ತು ನಿಮ್ಮೆಲ್ಲರ ಮುಂದೆ ಹೇಳ್ತಿದ್ದೀನಿ: ಆ ತಪ್ಪು ನಂದು, ಅವನದಲ್ಲ.

ಪ್ರಿಯರೇ, ಯೇಸುಸ್ವಾಮಿ ನಮ್ಮ ಪಾಪ ಹೊತ್ತು ಪಟ್ಟಣದ ಹೊರಗೆ ಹೋದರು. ಆದರೆ ನನ್ನದು ಅಂತ ಒಪ್ಪಿಕೊಳ್ಳದ ಪಾಪವನ್ನ ಅವರ ಹತ್ತಿರ ಹೇಗೆ ತರ್ತೀರಿ? ಮನೆಯಲ್ಲಿ, ಕೆಲಸದಲ್ಲಿ ನೀವು ಯಾರ ತಲೆ ಮೇಲೆ ಕೈ ಇಟ್ಟಿದ್ದೀರಿ? ಇವತ್ತೇ ಅವರ ಹತ್ತಿರ ಹೋಗಿರಿ. ತಲೆಬಾಗಿ ಪ್ರಾರ್ಥಿಸೋಣ. ಆಮೆನ್.