ಉಪ್ಪಿನ ಲೆಕ್ಕ ಯಾರ ಹೊಲದಲ್ಲಿ?

ಬೇಸಿಗೆಯಲ್ಲಿ ಪುಣೆಯ ಖಡಕಿಯ ಹೋಳ್ಕರ್ ಸೇತುವೆ ದಾಟುವವರ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಕೆಳಗೆ ಮುಳಾ ನದಿ. ಸ್ವಲ್ಪ ಮೇಲೆ ದಾಪೋಡಿಯಲ್ಲಿ ಪವನಾ ನದಿ ಪಿಂಪ್ರಿ-ಚಿಂಚವಾಡದ ಕೊಳಚೆಯನ್ನೂ ಹೊತ್ತು ಬಂದು ಇದಕ್ಕೆ ಕೂಡಿರುತ್ತದೆ. ಮುಂದೆ ಮುಠಾ ಸೇರಿ, ಭೀಮೆಗೆ ಬಿದ್ದು, ಉಜನಿ ಜಲಾಶಯ ದಾಟಿ ನಮ್ಮ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬರುವುದೂ ಇದೇ ಹರಿವು. ಗಾಣಗಾಪುರದಲ್ಲಿ ಅದರಲ್ಲೇ ಮುಳುಗೆದ್ದು ಪಾಪ ಕಳೆದುಕೊಳ್ಳುತ್ತೇವೆ!

ಪುಣೆಯವರು ಈ ನೀರಿಗೊಂದು ದಾರಿ ಹುಡುಕಿದ್ದಾರೆ. ಮುಂಢವಾದಲ್ಲಿ ನದಿಯಿಂದ ನೀರೆತ್ತಿ ಹಳೆಯ ಬಲದಂಡೆ ಕಾಲುವೆಗೆ, ಜನರ ಬಾಯಲ್ಲಿ ‘ಬೇಬಿ ಕಾಲುವೆ’ಗೆ, ಬಿಟ್ಟು ಹವೇಲಿ, ದೌಂಡ ತಾಲೂಕುಗಳ ಹೊಲಗಳಿಗೆ ಹರಿಸುತ್ತಾರೆ. ಬದಲಿಗೆ ಖಡಕವಾಸ್ಲಾ ಜಲಾಶಯದ ಸಿಹಿನೀರು ಊರಿಗೆ. ನೀರನ್ನು ಮತ್ತೆ ಬಳಸುವುದರಲ್ಲಿ ತಪ್ಪೇನಿಲ್ಲ. ‘ಮೈಲಿಗೆ’ ಎಂದು ಮುಖ ತಿರುವುವವರ ಜೊತೆ ನಾನಿಲ್ಲ. ಆದರೆ ‘ಸಂಸ್ಕರಿಸಿದ್ದೇವೆ, ಇನ್ನೇನು?’ ಎನ್ನುವ ಅಧಿಕಾರಿಯ ಜೊತೆಗೂ ಇಲ್ಲ. ಸಾಮಾನ್ಯ ಶುದ್ಧೀಕರಣ ಘಟಕ ಕೊಳೆಯುವ ವಸ್ತುವನ್ನು ತಿಂದು ಮುಗಿಸುತ್ತದೆ. ಕರಗಿದ ಉಪ್ಪನ್ನು ಅದು ಮುಟ್ಟುವುದೇ ಇಲ್ಲ. ಅಡುಗೆಮನೆಯ ಉಪ್ಪು, ಬಟ್ಟೆ ಸೋಪಿನ ಸೋಡಿಯಂ ನೆಟ್ಟಗೆ ಕಾಲುವೆಗೆ ಹೋಗುತ್ತವೆ.

ಇದೇ ಕತೆಯ ದೊಡ್ಡ ರೂಪ ಅನಿಲದ ಬಾವಿಗಳಲ್ಲಿದೆ. ಕಲ್ಲಿದ್ದಲ ಪದರದಲ್ಲಿ ನೀರಿನ ಒತ್ತಡ ಇಳಿದರೆ ಮಾತ್ರ ಮೀಥೇನ್ ಬಿಡುಗಡೆಯಾಗುತ್ತದೆ. ಹಾಗಾಗಿ ಮೊದಲು ನೀರೆತ್ತಬೇಕು, ಆ ನೀರಲ್ಲಿ ಬಹಳಷ್ಟು ಕಡೆ ಸೋಡಿಯಂ ತುಂಬಿರುತ್ತದೆ. ನಮ್ಮ ರಾಣಿಗಂಜ್, ಸೊಹಾಗ್‌ಪುರಗಳಲ್ಲೂ ಈ ಅನಿಲ ತೆಗೆಯುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅಂಥ ನೀರನ್ನು ಆರ್‌ಓ ಮಾಡಿ ಹೊಲಕ್ಕೆ ಕೊಡುತ್ತಾರೆ. ಉಳಿದ ಉಪ್ಪನ್ನು ಎಲ್ಲಿಡುವುದೆಂಬ ತಲೆನೋವು ಅಲ್ಲಿ ಹಾಗೇ ಉಳಿದಿದೆ. ಅಮೆರಿಕದ ವಯೋಮಿಂಗ್‌ನಲ್ಲಿ ಹೊಳೆಗೇ ಬಿಟ್ಟರು. ಕೆಳಗಿನ ಮೊಂಟಾನಾ ರಾಜ್ಯ 2003ರಲ್ಲಿ ತನ್ನ ನದಿಗಳಿಗೆ ಉಪ್ಪಿನ, ಸೋಡಿಯಂನ ಮಿತಿ ಹಾಕಿಕೊಂಡಿತು. ಮೇಲಿನವರ ಲಾಭ, ಕೆಳಗಿನವರ ಮಣ್ಣು.

ಈ ಸೋಡಿಯಂ ಬಲು ಕಿಲಾಡಿ. ನೀರು ಉಪ್ಪಾಗಿರುವಷ್ಟು ದಿನ ಮಣ್ಣು ಸರಿಯಾಗೇ ಕಾಣುತ್ತದೆ, ಬೆಳೆಯೂ ನಿಲ್ಲುತ್ತದೆ. ಸಿಹಿಯಾದ ಮಳೆನೀರು ಬಿದ್ದಾಗಲೇ ಎರೆಮಣ್ಣಿನ ಜೇಡಿಕಣಗಳು ಬಿಟ್ಟುಹೋಗಿ, ರಂಧ್ರ ಮುಚ್ಚಿ, ನೀರು ಇಂಗದೆ ಮೇಲೇ ನಿಲ್ಲುತ್ತದೆ. ಪರೀಕ್ಷೆಗೆ ಪ್ರಯೋಗಾಲಯವೂ ಬೇಡ. ಒಣಗಿದ ಹೆಂಟೆಯ ಚೂರೊಂದನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ಕೆಲವು ಗಂಟೆ ಇಡಿ. ಒಳ್ಳೆಯ ಮಣ್ಣು ಉದುರಿ ತಳದಲ್ಲಿ ಕೂರುತ್ತದೆ, ನೀರು ತಿಳಿಯಾಗೇ ಇರುತ್ತದೆ. ಸೋಡಿಯಂ ಹಿಡಿದ ಮಣ್ಣಿನ ಸುತ್ತ ಹಾಲಿನಂಥ ಮಬ್ಬು ಹಬ್ಬುತ್ತದೆ. ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ ಇಂಥ ನೆಲವನ್ನು ತಿದ್ದಬಹುದು, ಆದರೆ ಖರ್ಚೂ ಕಾಯುವಿಕೆಯೂ ರೈತನದು. ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ನನ್ನ ತಕರಾರು ಸಮಯದ್ದು. ಕಲ್ಲಿದ್ದಲ ಅನಿಲದ ಬಾವಿ ಮೊದಮೊದಲು ಹೆಚ್ಚು ನೀರು ಕೊಡುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮಣ್ಣಿನ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಕಂಪನಿ ಗಂಟುಮೂಟೆ ಕಟ್ಟಿರುತ್ತದೆ. ‘ರೈತರೇ ಕೇಳಿ ಪಡೆದರಲ್ಲ’ ಎನ್ನುವುದು ನಾಚಿಕೆಗೇಡಿನ ವಾದ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗೆ ಬಂದಾಗ, ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳಿದವರನ್ನು ನೀರಿನ ವಿರೋಧಿಗಳೆಂದು ಜರೆದವರಿದ್ದರು. ಕೊಳವೆಬಾವಿ ಬತ್ತಿದವನ ‘ಹೂಂ’ ಅನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು.

ನೀರು ಕಳಿಸುವವನೇ ಪುರಾವೆ ಕೊಡಲಿ. ಪ್ರತಿ ತಿಂಗಳ ಉಪ್ಪಿನ ಮತ್ತು ಸೋಡಿಯಂನ ಅಂಕಿಯನ್ನು ಕಾಲುವೆಯ ತೂಬಿನ ಬಳಿ, ಅಲ್ಲಿಯವರ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಲಿ. ಮಣ್ಣಿನ ತಪಾಸಣೆ ನೀರು ನಿಂತ ಮೇಲೂ ಕೆಲವು ಮಳೆಗಾಲ ನಡೆಯಲಿ. ಜಿಪ್ಸಂನ ಹಣ ಮೊದಲೇ ಠೇವಣಿಯಾಗಿರಲಿ, ಅದೂ ರೈತರ ಕೈಗೆ ಎಟಕುವ ಖಾತೆಯಲ್ಲಿ.