ಬಲಿಪೀಠವೂ ಹಕ್ಕುಪತ್ರವೂ

ಉತ್ತರ ಆಫ್ರಿಕದ ಆಲ್ಜಿಯರ್ಸ್ ನಗರದ ಹಳೆಯ ಪೇಟೆಗೆ ಕಸ್ಬಾ ಎಂದು ಹೆಸರು. ಅದರ ಇಕ್ಕಟ್ಟಾದ ಓಣಿಗಳು ಕಡಲಿನತ್ತ ಇಳಿಯುವೆಡೆಯಲ್ಲಿ ಕೆಚಾವಾ ಎಂಬ ಮಸೀದಿಯಿದೆ. ಪ್ರಿಯ ಓದುಗರೇ, ಅದರ ಚರಿತ್ರೆ ನಮ್ಮ ಮನಸ್ಸಾಕ್ಷಿಯನ್ನು ಪ್ರಶ್ನಿಸುತ್ತದೆ: ಅನ್ಯಾಯದಿಂದ ಕೈಸೇರಿದ್ದು ಪ್ರಾರ್ಥನೆಯಿಂದ ನಮ್ಮದಾದೀತೇ?

1794ರಲ್ಲಿ ಹಸನ್ ಪಾಷಾ ಈ ಮಸೀದಿಯನ್ನು ಪುನರ್ನಿರ್ಮಿಸಿದರು. 1830ರಲ್ಲಿ ನಗರವನ್ನು ಗೆದ್ದ ಫ್ರೆಂಚರು, ಅಲ್ಲಿನ ಜನರ ಧರ್ಮಾಚರಣೆಗೆ ಅಡ್ಡಿಪಡಿಸುವುದಿಲ್ಲವೆಂದು ಮಾತು ಕೊಟ್ಟಿದ್ದರು. ಆದರೆ 1832ರ ಡಿಸೆಂಬರಿನಲ್ಲಿ ಸೈನ್ಯಬಲದಿಂದ ಮಸೀದಿಯನ್ನು ಕಸಿದುಕೊಂಡರು. ಅದು ಸಂತ ಫಿಲಿಪ್ಪರ ದೇವಾಲಯವಾಯಿತು. ಮುಂದೆ ಪ್ರಧಾನಾಲಯವೂ ಆಯಿತು. ಹಳೆಯ ಕಟ್ಟಡದ ಬಹುಭಾಗ ಹೊಸ ರೂಪ ತಾಳಿತು.

ಸುಮಾರು 130 ವರ್ಷ ಅಲ್ಲಿ ಬಲಿಪೂಜೆ ನಡೆಯಿತು. ಎಷ್ಟೋ ಮಕ್ಕಳು ಅಲ್ಲಿ ಜ್ಞಾನಸ್ನಾನ ಪಡೆದರು, ಎಷ್ಟೋ ತಾಯಂದಿರು ಕಣ್ಣೀರಿಟ್ಟು ಬೇಡಿದರು. ಆ ಪ್ರಾರ್ಥನೆಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಶುದ್ಧ ಹೃದಯದ ಮೊರೆಯನ್ನು ದೇವರು ಎಲ್ಲಿಯೂ ಆಲಿಸುತ್ತಾರೆ. ಆದರೆ ಮೊರೆಯನ್ನು ಆಲಿಸುವುದು ಬೇರೆ, ಹಕ್ಕುಪತ್ರ ಬರೆದುಕೊಡುವುದು ಬೇರೆ. ನಮ್ಮ ಭಕ್ತಿಯ ತೀವ್ರತೆ ಮತ್ತೊಬ್ಬರಿಗಾದ ನಷ್ಟವನ್ನು ಅಳಿಸಲಾರದು.

1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು. ಅಂದಿನ ಮಹಾಧರ್ಮಾಧ್ಯಕ್ಷ ಲಿಯೋನ್ ಏತಿಯೆನ್ ದುವಾಲ್ ಅವರ ಕಾಲದಲ್ಲಿ, ಅದೇ ವರ್ಷ, ಕಟ್ಟಡ ಮತ್ತೆ ಮಸೀದಿಯಾಯಿತು. ಪವಿತ್ರ ಹೃದಯದ ದೇವಾಲಯ ಧರ್ಮಪ್ರಾಂತ್ಯದ ಪ್ರಧಾನಾಲಯವಾಯಿತು. 'ಕಾಲ ಬದಲಾದಾಗ ಬಿಟ್ಟುಕೊಡದೆ ಇನ್ನೇನು ಗತಿ?' ಎಂದು ನೀವು ಕೇಳಬಹುದು. ಆದರೆ ಯುದ್ಧದ ದಿನಗಳಲ್ಲೇ ಚಿತ್ರಹಿಂಸೆಯನ್ನು ಖಂಡಿಸಿ ಸ್ವಜನರ ಕೋಪಕ್ಕೆ ಗುರಿಯಾಗಿದ್ದವರು ಅವರು. ಸಾವಿರಾರು ಫ್ರೆಂಚರು ಹಡಗು ಹತ್ತಿದರೂ ಅವರು ಅಲ್ಲಿಯೇ ಉಳಿದು, ಅಲ್ಜೀರಿಯದ ಪೌರರಾಗಿ, 1996ರಲ್ಲಿ ದೈವಾಧೀನರಾದರು. ಭವ್ಯ ಕಟ್ಟಡವೊಂದು ಕೈಬಿಟ್ಟರೂ ಧರ್ಮಸಭೆ ಅಲ್ಲಿ ಅಳಿಯಲಿಲ್ಲ. ಅದು ಚಿಕ್ಕದಾಯಿತು, ಆದರೆ ನೆರೆಯವರ ಮುಖವನ್ನು ನೇರವಾಗಿ ನೋಡಬಲ್ಲದ್ದಾಯಿತು.

ಜಕ್ಕಾಯನನ್ನು ನೆನೆಯಿರಿ. ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ಆತ ಔತಣದಿಂದಷ್ಟೇ ತೃಪ್ತನಾಗಲಿಲ್ಲ; ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಪಾಪನಿವೇದನೆಯಲ್ಲಿ ಕ್ಷಮೆ ದೊರೆತರೂ ಕದ್ದದ್ದನ್ನು ಮರಳಿಸುವ ಹೊಣೆ ನಮ್ಮ ಮೇಲೆ ಉಳಿಯುತ್ತದೆಂದು ಧರ್ಮಸಭೆ ಬೋಧಿಸುತ್ತದೆ.

ನಮ್ಮ ಮನೆಗಳತ್ತ ನೋಡೋಣ. ಸರಿಸಿದ ಗಡಿಕಲ್ಲು, ತಂಗಿಗೆ ಕೊಡದ ಪಾಲು, ಕೆಲಸದವಳಿಗೆ ತಡೆಹಿಡಿದ ಕೂಲಿ. ಇವುಗಳ ಮೇಲೆ ಶಿಲುಬೆಯ ಗುರುತು ಹಾಕಿ ನೆಮ್ಮದಿಯಾಗಿರಲು ಸಾಧ್ಯವೇ? ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಇಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಪ್ರಭುವೇ ಹೇಳಿದ್ದಾರೆ. ಬರುವ ಭಾನುವಾರದ ಬಲಿಪೂಜೆಗೆ ಇನ್ನೂ ಕೆಲವು ದಿನಗಳಿವೆ.